ಮೆಂತ್ಯವೂ ಹುಟ್ಟಲಿಲ್ಲ

ಮೆಂತ್ಯ ಹುಟ್ಟಿಸುವುದಕ್ಕೆ ಯಾರ ಜಾಣತನವೂ ಬೇಡ. ಡಬ್ಬಿ ತೊಳೆದ ನೀರಿನ ಜೊತೆ ನಾಲ್ಕು ಕಾಳು ಮೋರಿಯ ಬದಿಗೆ ಬಿದ್ದರೆ ಅಲ್ಲೇ ತಲೆ ಎತ್ತುತ್ತವೆ. ಅಂಥ ಮೆಂತ್ಯ ನನ್ನ ಅಕ್ಕನ ಸೊಸೆ ರಾಧಿಕಾಳ ಟ್ರೇಯಲ್ಲಿ ಹುಟ್ಟಲಿಲ್ಲ. ಕೊತ್ತಂಬರಿ ಹುಟ್ಟಲಿಲ್ಲ. ಅವರೆಯಂತೂ ಮಣ್ಣಿನೊಳಗೇ ಕೊಳೆತು ಹೋಯಿತು.

ಅದಕ್ಕೂ ಮೊದಲು, ಚಳಿಗಾಲದ ಕೊನೆಯಲ್ಲಿ, ಆ ಹುಡುಗಿಗೆ ಎರಡನೆಯ ಸಲ ಗರ್ಭ ಇಳಿದಿತ್ತು. ಮೊದಲನೆಯದು ಬೇಗನೇ ಹೋಗಿದ್ದರಿಂದ ಹೆಚ್ಚು ಜನರಿಗೆ ಗೊತ್ತಾಗಿರಲಿಲ್ಲ. ಎರಡನೆಯದು ಹಾಗಲ್ಲ. ಅದು ಹೊಟ್ಟೆಯಲ್ಲಿ ಮಿಸುಕಾಡತೊಡಗಿತ್ತು. ಅಕ್ಕ ಹಳೆಯ ಇಳಕಲ್ ಸೀರೆಗಳನ್ನು ಹರಿದು ಕೂಸಿಗೆ ಕೌದಿ ಹೊಲಿಯಲು ಕೂತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಆ ಅರ್ಧ ಕೌದಿಯನ್ನು ಅಟ್ಟಕ್ಕೆ ತಳ್ಳಿದಳು.

ನನ್ನ ಅಕ್ಕ ರುದ್ರವ್ವ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸೊಸೆ ಅತ್ತೆ ಎಂದ ಕೂಡಲೇ ಜನ ತಮಗೆ ಬೇಕಾದ ಕತೆ ಕಟ್ಟಿಕೊಳ್ಳುತ್ತಾರೆ. ಮುಂಬಯಿಯ ಚೆಂಬೂರಿನ ಕಾಲೊನಿಯಲ್ಲಿ ಮೂರನೆಯ ಮಾಳಿಗೆಯ ಅವಳ ಮನೆಯಲ್ಲಿ ಸೊಸೆಗೆ ಬೆಳಿಗ್ಗೆ ಚಹಾ ಮಾಡಿ ಕೊಡುವವಳು ಅತ್ತೆಯೇ. ರಾಧಿಕಾ ಫೋರ್ಟ್‌ನಲ್ಲಿ ಒಂದು ಕಚೇರಿಗೆ ಹೋಗುತ್ತಾಳೆ, ಗಂಡ ಅಮೋಲ್ ಅಲ್ಲೇ ಸಮೀಪದ ಬ್ಯಾಂಕಿಗೆ. ಅವಳ ಹಿರಿಯರು ಧಾರವಾಡದವರು, ಆದರೆ ಹುಡುಗಿ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅವಳ ಕನ್ನಡ ಅರ್ಧ ದಾರಿ ನಡೆದು ಸುಸ್ತಾಗುತ್ತದೆ. ಉಳಿದ ದಾರಿಯನ್ನು ಹಿಂದಿಯೋ ಇಂಗ್ಲಿಷೋ ಎಳೆಯಬೇಕು.

ಗಿಡ ಬೆಳೆಸುವ ಯೋಚನೆ ಅವಳಿಗೆ ಬಂದದ್ದು ಫೋನಿನಿಂದ. ಕಚೇರಿಯ ಗೆಳತಿಯೊಬ್ಬಳು ಒಂದು ವಿಡಿಯೋ ಕಳಿಸಿದ್ದಳಂತೆ. ನಿಮ್ಮ ಅಡಿಗೆಮನೆಯ ಡಬ್ಬಿಯಲ್ಲೇ ತೋಟ ಇದೆ, ಅಂಗಡಿಯ ಬೀಜ ಬೇಡ, ಎಂದು ಅದರಲ್ಲಿ ಒಬ್ಬಳು ನಗುನಗುತ್ತಾ ಹೇಳುತ್ತಿದ್ದಳು. ಆ ಭಾನುವಾರ ನಾನು ಸಯನ್‌ನಿಂದ ಬಸ್ ಹಿಡಿದು ಅಕ್ಕನ ಮನೆಗೆ ಹೋಗಿದ್ದೆ. ಮೊದಲ ಮಳೆ ಬಿದ್ದು ಎರಡು ದಿನವಾಗಿರಬೇಕು. ಅಮೋಲ್ ನರ್ಸರಿಯಿಂದ ಮಣ್ಣಿನ ಚೀಲ ಹೊತ್ತು ತಂದು ಕಿಟಕಿಯ ಗ್ರಿಲ್ ಮೇಲೆ ಇಟ್ಟಿದ್ದ. ಎದುರುಮನೆಯ ಸೇವಂತಿ ಒಂದು ಥರ್ಮೊಕೋಲ್ ಪೆಟ್ಟಿಗೆ ಹಿಡಿದುಕೊಂಡು ಬಂದಳು. ಅವಳ ಗಂಡ ಫೋರ್ಟ್‌ನ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಮನೆಯಲ್ಲಿ ಮಾತ್ರ ಮೀನಿಲ್ಲದೆ ಊಟ ಇಳಿಯುವುದಿಲ್ಲ.

"ಇದ್ರಲ್ಲಿ ಹಾಕು ರಾಧಿಕಾ, ಚೆಂದ ಬರ್ತದೆ."

ಅಕ್ಕ ಮೂಗು ಮುಚ್ಚಿಕೊಂಡಳು. "ಏ ಸೇವಂತಿ, ಮೀನಿನ ಪೆಟಗಿ ನಮ್ಮ ಅಡಗಿಮನಿ ಕಿಡಕ್ಯಾಗ ಇಡ್ತಿಯೇನ? ತಗದುಕೊಂಡು ಹೋಗವಾ ತಾಯಿ!"

"ಮೀನಿನ ನೀರು ಕುಡಿದ ಮಣ್ಣಿಗೆ ಜೀವ ಜಾಸ್ತಿ ಅಕ್ಕ. ನಿಮ್ಮ ಕೊತ್ತಂಬರಿ ಶಿವಪೂಜೆ ಮಾಡ್ತದಾ ಎಂತ?"

ನಾವೆಲ್ಲ ನಕ್ಕೆವು. ರಾಧಿಕಾ ಕೂಡ ನಕ್ಕಳು. ತಿಂಗಳುಗಳ ನಂತರ ಅವಳ ಹಲ್ಲು ಕಂಡಿತು. ಕೊನೆಗೆ ಮಾವಿನಹಣ್ಣಿನ ಟ್ರೇ ಸಿಕ್ಕಿತು, ಹಳೆಯ ಬಣ್ಣದ ಬಕೆಟ್ ಒಂದು ಸಿಕ್ಕಿತು.

"ಅತ್ತಿ, ಮೇಥಿ ಕೊಡ್ರಿ. ಧನಿಯಾ ಕೂಡ," ಎಂದು ರಾಧಿಕಾ ಕೈ ಚಾಚಿದಳು.

ಅಕ್ಕ ಸಡಗರದಿಂದ ಡಬ್ಬಿ ಇಳಿಸಿದಳು. ಮೆಂತ್ಯ, ಕೊತ್ತಂಬರಿ ಕಾಳು, ಕೊನೆಗೆ ದೊಡ್ಡ ಡಬ್ಬಿಯಿಂದ ಒಂದು ಮುಷ್ಟಿ ಅವರೆ. "ಇದು ನಮ್ಮ ಊರಿಂದ ಶಂಕ್ರೆಪ್ಪ ಕಳಿಸಿದ್ದು. ನಮ್ಮಪ್ಪನ ಹೊಲದ ಅವರಿ. ಬಕೀಟಿನ್ಯಾಗ ಹಾಕು. ಗ್ರಿಲ್ ತುಂಬ ಹಬ್ಬತೈತಿ ನೋಡು." ಶಂಕ್ರೆಪ್ಪ ನಮ್ಮ ತಮ್ಮ. ಊರಲ್ಲಿ ಹೊಲ ನೋಡಿಕೊಂಡಿದ್ದಾನೆ.

ರಾಧಿಕಾ ಒಂದೊಂದೇ ಅವರೆಯನ್ನು ಬೆರಳಲ್ಲಿ ಹಿಡಿದು, ಗಂಡನ ಚಿಕ್ಕಮ್ಮನಾದ ನನ್ನ ಮುಖ ನೋಡಿದಳು. "ಮೌಶಿ, ಇದರ ತಲಿ ಯಾವ ಸೈಡ್? ಮ್ಯಾಲ ಮಾಡಿ ಇಡೋದಾ?"

"ಹೆಂಗರೆ ಇಡು. ಅದಕ್ಕ ಗೊತ್ತಿರತೈತಿ ಯಾ ಕಡಿ ಹೋಗಬೇಕಂತ."

"ಪಕ್ಕಾ?"

"ನಿನ್ನ ಲೋಕಲ್ ಟ್ರೇನಿಗಿಂತ ಪಕ್ಕಾ."

ಅವಳು ಬೆರಳಿನಿಂದ ಕುಳಿ ಮಾಡಿ, ಕಾಳಿಟ್ಟು, ಮಣ್ಣು ಎಳೆದು, ಮೇಲೆ ಅಂಗೈಯಿಂದ ಮೆಲ್ಲಗೆ ಒತ್ತಿದಳು. ಮಲಗಿದ ಕೂಸಿಗೆ ಹೊದಿಸುವ ಹಾಗೆ. ಅಕ್ಕನೂ ಅದನ್ನು ನೋಡಿದಳು, ನಾನೂ ನೋಡಿದೆ. ಇಬ್ಬರೂ ಬೇರೆ ಕಡೆ ತಿರುಗಿಕೊಂಡೆವು.

ಮುಂದೆ ಪ್ರತಿ ದಿನ ನನಗೆ ಫೋನು. "ಬಂತೇನ?" ಎಂದರೆ "ನಾಳೆ ಬರ್ತದ ಮೌಶಿ," ಎನ್ನುವಳು. ನಾಳೆಗಳು ಬಂದವು, ಮೊಳಕೆ ಬರಲಿಲ್ಲ. ಒಂದು ಸಂಜೆ ಅವಳೇ ಮಣ್ಣು ಕೆದರಿ ಫೋಟೋ ಕಳಿಸಿದಳು. ಮೆಂತ್ಯ ಉಬ್ಬಿ ಲೋಳೆಯಾಗಿತ್ತು. ನಾನು ನರ್ಸರಿಯವನಿಗೆ ಬೈದೆ. ಮುಂಬಯಿಯಲ್ಲಿ ಮಣ್ಣು ಅಂತ ಮಾರುವುದೆಲ್ಲ ಒಡೆದ ಬಿಲ್ಡಿಂಗ್‌ಗಳ ಪುಡಿ, ಅದರಲ್ಲಿ ಹುಲ್ಲು ಸಹ ಹುಟ್ಟುವುದಿಲ್ಲ, ಬದಲಿಸು ಎಂದೆ. ಅವಳು ಮಣ್ಣು ಬದಲಿಸಿದಳು. ಸೆಗಣಿ ಗೊಬ್ಬರವನ್ನೂ ತರಿಸಿದಳು. ಅದೇ ಡಬ್ಬಿಗಳಿಂದ ಮತ್ತೆ ಕಾಳು ತೆಗೆದು ಬಿತ್ತಿದಳು.

ಎರಡನೆಯ ಸಲವೂ ಏನೂ ಹುಟ್ಟಲಿಲ್ಲ.

ಆ ಹೊತ್ತಿಗೆ ಸೇವಂತಿ ತನ್ನ ಮೀನಿನ ಪೆಟ್ಟಿಗೆಯಲ್ಲೇ ಮೆಂತ್ಯ ಹಾಕಿದ್ದಳು, ತಾನು ಹೋಗುವ ಅಂಗಡಿಯಿಂದ ತಂದದ್ದು. ಅದು ಹಸಿರು ಚಾಪೆಯ ಹಾಗೆ ಎದ್ದಿತ್ತು. ಒಂದು ಹಿಡಿ ಕಿತ್ತು ತಂದು ಅಕ್ಕನ ಅಡಿಗೆಕಟ್ಟೆಯ ಮೇಲೆ ಇಟ್ಟಳು.

"ಎಂತ ಮಾರಾಯ್ತಿ ರಾಧಿಕಾ, ನಿನ್ನ ಕೈಗೆ ಮೆಂತೆ ಸಹಾ ಬರುದಿಲ್ವಾ?"

ತಮಾಷೆಗೆ ಹೇಳಿದ್ದು. ಸೇವಂತಿಯ ಬಾಯಿಗೆ ಬಾಗಿಲಿಲ್ಲ, ಒಳಗೆ ವಿಷವೂ ಇಲ್ಲ. ಆದರೆ ಸೊಪ್ಪು ಸೋಸುತ್ತಿದ್ದ ಅಕ್ಕ, ಸೊಸೆಯನ್ನು ಸಮಾಧಾನ ಮಾಡುವುದಕ್ಕೆಂದೇ, ಇನ್ನೊಂದು ಮಾತು ಹೇಳಿದಳು. "ಇರ್ಲಿ ಬಿಡು. ಎಲ್ಲಾರ ಕೈಯಾಗ ಎಲ್ಲಾ ಬರಂಗಿಲ್ಲ. ಕೈಗುಣ ಅಂತ ಇರತೈತಿ."

ಅದನ್ನು ಅಕ್ಕನೇ ಆಮೇಲೆ ಫೋನಿನಲ್ಲಿ ನನಗೆ ಹೇಳಿದ್ದು. ಹೇಳಿ ಎರಡು ವಾರವಾದರೂ ತಾನು ಏನು ಹೇಳಿದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಅವಳ ಚಿಂತೆ ಬೇರೆ ಇತ್ತು. "ನಾಗೀ, ಈ ಹುಡಿಗಿ ಹಾಲಿಗೆ ಹೆಪ್ಪು ಹಾಕಾಕ ಒಲ್ಲೆ ಅಂತಾಳ. ಅಮೋಲ್‌ಗ ಹಾಕು ಅಂತಾಳ. ಅಂವ ಬಿಸಿ ಹಾಲಿಗೆ ಹಾಕಿ ಒಡಸ್ತಾನ. ತುಳಸಿಗೆ ನೀರು ಹಾಕಂಗಿಲ್ಲ. ಏನಾಗೈತಿ ಇಕೀಗೆ?"

ನನಗೆ ಸಿಟ್ಟು ಬೇಗ. ಊರಲ್ಲೂ ಇತ್ತು, ಮುಂಬಯಿಯ ಲೋಕಲ್‌ನಲ್ಲಿ ಇನ್ನಷ್ಟು ಬೆಳೆಯಿತು. "ಕೈಗುಣ ಅಂತ ಅಂದೆಲ್ಲ, ಅದ ಆಗೈತಿ," ಎಂದು ಫೋನ್ ಇಟ್ಟೆ. ನಾಗರ ಪಂಚಮಿಗೆ ಹೇಗೂ ಅಕ್ಕನ ಮನೆಗೆ ಹೋಗುವವಳಿದ್ದೆ. ನನ್ನ ಗಂಡ ಸೋಮನಾಥನಿಗೆ ಎರಡು ದಿನದ ರೊಟ್ಟಿ ಬಡಿದಿಟ್ಟು ಹಬ್ಬಕ್ಕೆ ಮೊದಲೇ ಹೋದೆ.

ಹೋದ ಸಂಜೆಯೇ ಕಣ್ಣಾರೆ ಕಂಡೆ. ಸೇವಂತಿ ತನ್ನ ಮಗಳ ಕೂಸನ್ನು ಎತ್ತಿಕೊಂಡು ಬಂದಿದ್ದಳು, ತುಂಬಿದ ಕೆನ್ನೆಯ ಗಂಡುಕೂಸು. ಗ್ಯಾಸಿನ ಮೇಲೆ ಹಾಲಿಟ್ಟು ಬಂದಿದ್ದೇನೆ, ಒಂದು ಗಳಿಗೆ ಹಿಡಿ ಎಂದು ರಾಧಿಕಾಳ ಕಡೆ ಚಾಚಿದಳು. ರಾಧಿಕಾ ಎರಡೂ ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡಳು.

"ನನ್ನ ಕೈ ಒದ್ದಿ ಅದಾವ ಆಂಟಿ."

ಕೈ ಒಣಗಿದ್ದವು. ಆಗಷ್ಟೇ ಕಚೇರಿಯಿಂದ ಬಂದು ಕೂತಿದ್ದಳು. ಕೂಸನ್ನು ನಾನು ತೆಗೆದುಕೊಂಡೆ. ಸೇವಂತಿ ಹೋದ ಮೇಲೆ ರಾಧಿಕಾಳನ್ನು ಗ್ಯಾಲರಿಗೆ ಕರೆದು ಬಾಗಿಲು ಎಳೆದೆ.

"ಏನ್ ನಡಸೀದಿ ನೀ? ಕೂಸು ಕಡಿತಿತ್ತೇನ?"

"ಕುಛ್ ನಹೀ ಮೌಶಿ."

"ಏನಿಲ್ಲ ಅಂದ್ರ ನಾ ಬಿಡಾಕಿ ಅಲ್ಲ. ಬಾಯಿ ಬಿಡು."

ಅವಳು ಕೆಳಗಿನ ರಸ್ತೆ ನೋಡುತ್ತಾ ನಿಂತಳು. ಮಳೆಯಲ್ಲಿ ಒಂದು ರಿಕ್ಷಾ ಕೆಟ್ಟು ನಿಂತಿತ್ತು. ಆಮೇಲೆ ಮೆಲ್ಲಗೆ, ಒಂದೊಂದೇ ಪದ ಹುಡುಕಿ ಹೇಳಿದಳು. "ಡಾಕ್ಟರ್ ಎಲ್ಲಾ ಟೆಸ್ಟ್ ಮಾಡಿದ್ರು. ನಂದೂ, ಅಮೋಲ್‌ದೂ. ಎಲ್ಲಾ ನಾರ್ಮಲ್. ಬೇಬಿದೂ ನಾರ್ಮಲ್. ಕಾರಣ ಇಲ್ಲ ಅಂದ್ರು. ಕಾರಣ ಇಲ್ಲದೇ ಹೆಂಗ ಆಗ್ತದ ಮೌಶಿ? ನಂಗ ನಿದ್ದಿ ಬರ್ತಿದ್ದಿಲ್ಲ, ಏನು ತಪ್ಪಾತು, ಏನು ತಿಂದೆ, ಎಲ್ಲಿ ಕೂತೆ... ಈಗ ಗೊತ್ತಾತು. ಕೈನಾಗ ಇಲ್ಲ. ಮೇಥಿ ಎಲ್ಲಾರಿಗೂ ಬರ್ತದ, ನಂಗ ಬರಲ್ಲ. ಎರಡು ಸಲಾನೂ ಬರಲಿಲ್ಲ. ಅದು ಯಾವ ರಿಪೋರ್ಟ್‌ನಾಗೂ ಕಾಣಂಗಿಲ್ಲ, ಹೌದಲ್ಲ?"

"ಹುಚ್ಚೀ, ಮೆಂತ್ಯಕ್ಕೂ ಹೊಟ್ಟ್ಯಾಗಿನ ಕೂಸಿಗೂ ಏನ್ ಸಂಬಂಧ?"

"ನಿಮ್ಮ ಮನ್ಯಾಗೇ ಹೇಳ್ತಾರಲ್ಲ, ಕೈಗುಣ ಅಂತ." ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. "ಅಮೋಲ್‌ಗೆ ಹೇಳಿಬಿಟ್ಟೀನಿ. ಇನ್ನ ಟ್ರೈ ಮಾಡೋದು ಬ್ಯಾಡ. ಮತ್ತೊಂದನ್ನ ನಾ ಯಾಕ ಕರೀಬೇಕು? ಬಂದು ಹೋಗಲಿ ಅಂತಾ?"

ಅಂಥವಳಿಗೆ ಏನು ಹೇಳಬೇಕು? ಬೈಯುವುದಾಗಿದ್ದರೆ ನನ್ನ ಬಾಯಲ್ಲಿ ಬೇಕಾದಷ್ಟಿತ್ತು. ಸಮಾಧಾನ ಮಾಡುವ ಮಾತುಗಳನ್ನು ನಾನು ಕಲಿತಿಲ್ಲ. "ಒಳಗ ನಡಿ, ಇರಚಲು ಹೊಡೀತೈತಿ," ಎಂದೆ.

ಮರುದಿನ ಹಬ್ಬದ ಮುನ್ನಾ ದಿನ. ರಾಧಿಕಾ, ಅಮೋಲ್ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ನಾನು ಉಂಡೆಗೆ ಬೆಲ್ಲ ಹೆರೆಯುತ್ತಿದ್ದೆ. ಪಂಚಮಿಗೆ ನಮ್ಮಲ್ಲಿ ಮೊಳಕೆ ಬರಿಸಿದ ಮಡಕಿ ಕಾಳಿನ ಉಸಳಿ ಆಗಲೇಬೇಕು. ಅಕ್ಕ ಕಾಳನ್ನು ನೆನೆಸಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ, ಪಾತೇಲಿಯಲ್ಲಿ ಮುಚ್ಚಿಟ್ಟು ಒಂದೂವರೆ ದಿನ ಆಗಿತ್ತು. ಗಂಟು ಬಿಚ್ಚಿದವಳು ಮುಖ ಹಿಂದಕ್ಕೆ ತೆಗೆದಳು. ಹುಳಿ ನಾತ ನನ್ನ ತನಕ ಬಂತು.

"ನೋಡಿಲ್ಲೆ ನಾಗೀ. ಒಂದಕ್ಕರೆ ಮೂಗು ಬಂದೈತೇನ? ಆ ಅಂಗಡ್ಯಾಂವ ಹಳೀ ಕಾಳು ಹಾಕ್ಯಾನ. ಹೋಗಿ ಅವನ ಮಾರಿಗೆ ಒಗದು ಬರ್ತೀನಿ."

ನಾನು ಒಂದು ಕಾಳು ಎತ್ತಿ ಉಗುರಿನಿಂದ ಒಡೆದೆ. ಉಬ್ಬಿತ್ತು, ಮೆತ್ತಗಾಗಿತ್ತು, ಒಳಗೆ ಬೇಳೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹಳೆಯ ಕಾಳಾದರೆ ಹತ್ತರಲ್ಲಿ ಎರಡಾದರೂ ಮೊಳೆಯುತ್ತವೆ. ಇದು ಹಳೆಯದಲ್ಲ, ಸತ್ತದ್ದು.

"ಅಕ್ಕಾ, ಬ್ಯಾಸಗ್ಯಾಗ ಕಾಳು ಬೆಚ್ಚಗ ಮಾಡಿದ್ದೇನ?"

ಮುಂಬಯಿಯ ಮಳೆಗಾಲವನ್ನು ನೋಡದವರಿಗೆ ಈ ಪ್ರಶ್ನೆ ತಿಳಿಯದು. ಇಲ್ಲಿ ಜೂನ್ ಬಂದರೆ ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಡಬ್ಬಿಯೊಳಗೆ ಹುಳ ಮನೆ ಮಾಡುತ್ತದೆ. ಅದಕ್ಕೇ ನಮ್ಮ ಹೆಂಗಸರೆಲ್ಲ ಮೇ ತಿಂಗಳಲ್ಲಿ ರವೆ ಹುರಿದಿಡುತ್ತಾರೆ. ಕೆಲವರು ಬೇಳೆ ಕಾಳುಗಳನ್ನೂ ಬಾಣಲೆಗೆ ಹಾಕಿ ಬಿಸಿ ಮಾಡುತ್ತಾರೆ. ಬಣ್ಣ ಬದಲಾಗುವುದಿಲ್ಲ, ರುಚಿ ಬದಲಾಗುವುದಿಲ್ಲ. ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಬಾಣಲೆ ಕಂಡ ಕಾಳು ಮತ್ತೆ ಮೊಳೆಯುವುದಿಲ್ಲ.

"ಮಾಡೀನಿ," ಎಂದಳು ಅಕ್ಕ. "ಹೋದ ವರ್ಷ ಎಷ್ಟು ಕಾಳು ಹುಳ ಹತ್ತಿ ಚೆಲ್ಲಿದೆ ಗೊತ್ತೇನ? ಅದಕ್ಕ ಈ ವರ್ಷ ಏನೂ ಬಿಡಲಿಲ್ಲ. ಮಡಕಿ, ಹೆಸರು, ಕಡಲಿ..."

"ಮೆಂತ್ಯ?"

"ಮೆಂತ್ಯನೂ."

"ಕೊತ್ತಂಬರಿ? ಶಂಕ್ರೆಪ್ಪ ಕಳಿಸಿದ ಅವರಿ?"

ಅವಳು ಕೈಯಲ್ಲಿದ್ದ ಅರಿವೆಯನ್ನು ನೋಡುತ್ತಾ ನಿಂತಳು. ಹೊಲದಲ್ಲಿ ಹುಟ್ಟಿದವಳು, ಅಪ್ಪನ ಕೂರಿಗೆಯ ಹಿಂದೆ ಬೀಜ ಬಿಟ್ಟವಳು. ಊರಲ್ಲಾಗಿದ್ದರೆ ಬಿತ್ತುವ ಕಾಳು ಬೇರೆ ಕಡೆ ಇರುತ್ತದೆ, ತಿನ್ನುವ ಕಾಳು ಬೇರೆ ಕಡೆ. ಮುಂಬಯಿಯ ಅಡಿಗೆಮನೆಯಲ್ಲಿ ಇರುವುದೆಲ್ಲ ತಿನ್ನುವ ಕಾಳೇ.

"ನಾ ಹುರದಿಲ್ಲ ನಾಗೀ," ಎಂದಳು ಕೊನೆಗೆ. "ಬರೇ ಬೆಚ್ಚಗ ಮಾಡೀನಿ."

"ಕೈಗೆ ಸುಡೋವಷ್ಟು ಬೆಚ್ಚಗ!" ನನ್ನ ದನಿ ಏರಿತು. "ಸತ್ತ ಕಾಳು ನಿನ್ನ ಕೈಲೇ ಕೊಟ್ಟಿ. ಹುಟ್ಟಲಿಲ್ಲ ಅಂದ ಕೂಡ್ಲೆ ಆಕಿಗೆ ಕೈಗುಣ ಇಲ್ಲ ಅಂದಿ. ಆಕಿ ಏನ್ ತಿಳಕೊಂಡಾಳ ಗೊತ್ತೈತೇನ ನಿನಗ?" ಗ್ಯಾಲರಿಯಲ್ಲಿ ರಾಧಿಕಾ ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ. ಇನ್ನು ಮಕ್ಕಳು ಬೇಡ ಅಂದದ್ದನ್ನೂ.

ಅಕ್ಕ ಅಡಿಗೆಕಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು. "ನಾ ಬೇಕಂತ ಮಾಡಿದ್ನೇನ? ಆಕಿ ನಗ್ಲಿ ಅಂತ ಕೊಟ್ಟೆ."

"ಬೇಕಂತ ಮಾಡಿದಿ ಅಂತ ಯಾರಂದ್ರು? ಇವತ್ತ ಹೇಳಬೇಕು ಆಕಿಗೆ. ನೀ ಹೇಳದಿದ್ರ ನಾ ಹೇಳ್ತೀನಿ."

"ಹೇಳಿದ್ರ ನನ್ನ ಮಾರಿ ನೋಡ್ತಾಳೇನ ಆಕಿ?"

"ನೋಡದಿದ್ರ ನೋಡದಿರಲಿ. ನಿನ್ನ ಮಾರಿ ದೊಡ್ಡದೋ, ಆಕಿ ಬದುಕು ದೊಡ್ಡದೋ?"

ಒಳಗೊಳಗೆ ನನಗೆ ಹಗುರಾಗಿತ್ತು, ಸುಳ್ಳು ಯಾಕೆ ಹೇಳಲಿ. ಗಂಟು ಸಿಕ್ಕಿತ್ತು, ಬಿಚ್ಚುವುದಷ್ಟೇ ಉಳಿದಿತ್ತು. ಇವತ್ತು ಸಂಜೆ ಆ ಹುಡುಗಿಯ ತಲೆಯಿಂದ ಆ ಭಾರ ಇಳಿಯುತ್ತದೆ, ಒಂದಿಷ್ಟು ಅಳುತ್ತಾಳೆ, ಅತ್ತೆಗೆ ನಾಲ್ಕು ಮಾತು ಅನ್ನುತ್ತಾಳೆ, ಅನ್ನಲಿ. ಆಮೇಲೆ ಸೇವಂತಿ ಹೋಗುವ ಅಂಗಡಿಯಿಂದ ಮೆಂತ್ಯ ತಂದು ನನ್ನೆದುರಿಗೆ ಬಿತ್ತಿಸುತ್ತೇನೆ ಎಂದುಕೊಂಡೆ.

ರಾಧಿಕಾ ಬಂದಾಗ ಅರ್ಧ ತೊಯ್ದಿದ್ದಳು. ಲೋಕಲ್ ಕುರ್ಲಾದಲ್ಲಿ ಬಹಳ ಹೊತ್ತು ನಿಂತಿತ್ತಂತೆ. ಕೊಡೆಯನ್ನು ಬಕೆಟ್‌ನಲ್ಲಿ ನಿಲ್ಲಿಸಿ ಒಳಗೆ ಬಂದವಳು ನಮ್ಮಿಬ್ಬರ ಮುಖ ನೋಡಿ ಅಲ್ಲೇ ನಿಂತಳು. "ಕ್ಯಾ ಹುವಾ? ಅಮೋಲ್..."

"ಅಮೋಲ್‌ಗ ಏನೂ ಆಗಿಲ್ಲ. ಕೂಡ್ರು ಬಾ," ಎಂದು ನಾನು ಶುರು ಮಾಡಿದೆ. ಅಕ್ಕ ಕೈ ಎತ್ತಿ ತಡೆದಳು.

"ನೀ ಸುಮ್ಮನಿರು ನಾಗೀ. ನಾನ ಹೇಳ್ತೀನಿ."

ಹೇಳಿದಳು. ಏನನ್ನೂ ಮುಚ್ಚಲಿಲ್ಲ, ಸುತ್ತಿ ಬಳಸಲಿಲ್ಲ. ಬಾಣಲೆ, ಮೇ ತಿಂಗಳು, ಡಬ್ಬಿಗಳು, ತಾನೇ ಕೊಟ್ಟದ್ದು. ಕೊನೆಗೆ ಆ ಹುಳಿ ಹತ್ತಿದ ಮಡಕಿಯನ್ನು ತಂದು ಅವಳ ಮುಂದಿಟ್ಟಳು. "ಇದು ನನ್ನ ಕೈಲೇ ನೆನಸಿದ್ದು. ನಂಗೂ ಬರಲಿಲ್ಲ ನೋಡವಾ. ನಿನ್ನ ಕೈಯಾಗ ಏನೂ ಇಲ್ಲ. ನಾ ಅಂದದ್ದು ತಪ್ಪು."

ರಾಧಿಕಾ ಪಾತೇಲಿಯೊಳಗೆ ಬೆರಳಾಡಿಸಿದಳು. ಒಂದು ಕಾಳನ್ನು ಒತ್ತಿದಳು. ಅದು ಸಿಪ್ಪೆಯಿಂದ ಜಾರಿ ಕೆಳಗೆ ಬಿತ್ತು.

"ಅಂದ್ರ... ಮಣ್ಣಿಗೆ ಹಾಕೋ ಮೊದಲೇ ಡೆಡ್ ಇದ್ವು?"

"ಹೌದವಾ."

"ನಾ ದಿನಾ ನೀರು ಹಾಕಿದೆ."

ನನಗೆ ತಡೆಯಲಾಗಲಿಲ್ಲ. "ಈಗರೆ ತಿಳೀತಿಲ್ಲೋ? ತಲ್ಯಾಗಿಂದ ತಗದು ಒಗಿ ಅದನ್ನ. ನಾಳೆ ನಾ ಹೊಸಾ ಮೆಂತ್ಯ ತರ್ತೀನಿ. ನೀನ ಹಾಕು. ಹೆಂಗ ಹುಟ್ಟಂಗಿಲ್ಲ ನೋಡೂನು!"

"ಬ್ಯಾಡ ಮೌಶಿ."

"ಯಾಕ ಬ್ಯಾಡ?"

"ಅದು ಹುಟ್ಟತದ. ನಂಗೂ ಗೊತ್ತಾತು, ಹುಟ್ಟತದ." ಅವಳು ನನ್ನ ಕಡೆ ನೋಡಿದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಎದೆಗೆ ಎಳೆದುಕೊಳ್ಳುತ್ತಿದ್ದೆ. "ಮೇಥಿಗೆ ಕಾರಣ ಸಿಕ್ತು. ಅತ್ತಿ ಬೆಚ್ಚಗ ಮಾಡಿದ್ರು. ಆ ಎರಡಕ್ಕ ಯಾರು ಏನ್ ಮಾಡಿದ್ರು ಮೌಶಿ? ಕೈ ಅಂತ ತಿಳಕೊಂಡಿದ್ದೆ. ಕೆಟ್ಟದ್ದರೆ ಯಾಕ ಆಗ್ಲಿ, ಒಂದು ಉತ್ತರ ಇತ್ತು ನಂಗ. ನಿದ್ದಿ ಬರ್ತಿತ್ತು. ಈಗ ಅದೂ ಇಲ್ಲ."

ನಾನು ಬಾಯಿ ತೆರೆದೆ. ಜಗಳದಲ್ಲಿ ನನ್ನನ್ನು ಈ ಊರಿನಲ್ಲಿ ಯಾರೂ ಸೋಲಿಸಿಲ್ಲ. ಅಂಗಡಿಯವನೂ ಇಲ್ಲ, ಸೊಸೈಟಿಯ ಸೆಕ್ರೆಟರಿಯೂ ಇಲ್ಲ. ತೆರೆದ ಬಾಯಿ ಹಾಗೇ ಮುಚ್ಚಿತು.

"ಗೊತ್ತಿಲ್ಲವಾ," ಎಂದಳು ಅಕ್ಕ. ಅಷ್ಟೇ ಅಂದಳು. ತನ್ನ ಸೆರಗಿನಿಂದ ಸೊಸೆಯ ತೊಯ್ದ ಕೂದಲನ್ನು ಒರೆಸತೊಡಗಿದಳು. ರಾಧಿಕಾ ತಲೆ ಬಗ್ಗಿಸಿ ಕೂತಳು, ಒರೆಸಲು ಬಿಟ್ಟಳು. ಅವಳ ಬಟ್ಟೆಯಿಂದ ಇಳಿದ ನೀರು ನೆಲದ ಮೇಲೆ ಹರಿದು, ಜಾರಿ ಬಿದ್ದ ಆ ಕಾಳಿನ ತನಕ ಬಂತು.

ಸ್ವಲ್ಪ ಹೊತ್ತಿನ ಮೇಲೆ ಅಮೋಲ್ ಬಂದು ಬೆಲ್ ಒತ್ತಿದ. ಮತ್ತೆ ಒತ್ತಿದ. ಏಳಬೇಕು ಎಂದು ಮೂವರಿಗೂ ಗೊತ್ತಿತ್ತು. ಯಾರೂ ಏಳಲಿಲ್ಲ.